ಡೋನಲನ ತಟ್ಟೆ

“ಕೊನೀಗೆ ಒಂದು ತಟ್ಟಿ ಹೆಚ್ಚಿಗಿ ಉಳೀತದ, ತಮ್ಮಾ. ಆವಾಗ ಡೋನಲ್ ಅಂತ ಕರೀರಿ. ಬ್ಯಾರೆ ಯಾರ ಹೆಸರೂ ಬಾಯಾಗ ಬರಬಾರದು.”

ಮೆಹರುನ್ನಿಸಾ ಏಪ್ರನ್ ಮಡಚುತ್ತ ಹೀಗೆಂದಾಗ ಲೋಹಿತ್ ಜೋರಾಗಿಯೇ ನಕ್ಕುಬಿಟ್ಟ. ಕಡಲಾಚೆ, ಕಾರ್ಕ್ ಎಂಬ ಊರಿನ ಬಂದರಿನ ಅಂಚಿನ ಆ ಹೋಟೆಲಿನಲ್ಲಿ ಅವನಿಗೆ ಅದು ಮೊದಲ ವಾರ, ಅವಳಿಗೆ ಕೊನೆಯ ದಿನ. ಹುಬ್ಬಳ್ಳಿಯ ಈ ಹೆಂಗಸು ವರ್ಷಗಟ್ಟಲೆ ಅಲ್ಲಿ ಬ್ರೆಡ್ಡು ಬಿಸ್ಕತ್ತು ಸುಟ್ಟು, ಈಗ ಡನ್‌ಡಾಕ್‌ನಲ್ಲಿರುವ ಮಗಳು ಅರ್ಷಿಯಾಳ ಮನೆಗೆ ಹೊರಟಿದ್ದಳು. ಮೈಸೂರಿನ ಲೋಹಿತ್ ಆ ದೇಶದಲ್ಲಿ ಕೆಲವು ವರ್ಷ ಕಳೆದು, ಈ ಹೋಟೆಲಿಗೆ ಹೊಸದಾಗಿ ಬಂದ ಮುಖ್ಯ ಅಡುಗೆಯವನು. ಇಷ್ಟು ದೂರ ಬಂದ ಮೇಲೂ ದೆವ್ವದ ಕತೆಯನ್ನು ಕನ್ನಡದಲ್ಲೇ ಕೇಳಬೇಕಾಯಿತಲ್ಲ ಎಂದು ಅವನಿಗೆ ತಮಾಷೆ.

ಹೋಟೆಲು ಇದ್ದದ್ದು ಹಳೆಯ ಕಲ್ಲಿನ ಗೋದಾಮಿನಲ್ಲಿ. ಹಾಯಿಹಡಗುಗಳ ಕಾಲದಲ್ಲಿ ಉಪ್ಪು ಹಾಕಿದ ಮಾಂಸವನ್ನು ಪೀಪಾಯಿಗಳಲ್ಲಿ ತುಂಬಿ ಇಲ್ಲಿಂದಲೇ ಹಡಗಿಗೇರಿಸುತ್ತಿದ್ದರು. ಈಗ ಅದರ ನೆಲಮಾಳಿಗೆಯಲ್ಲಿ ಪ್ರವಾಸಿಗರಿಗೆ ನಾವಿಕರ ಊಟ. ಕಿಟಕಿಯಿಲ್ಲದ ಕೋಣೆ, ಮಧ್ಯಾಹ್ನವೂ ಕತ್ತಲೆ, ಲಾಂದ್ರದಲ್ಲಿ ಉರಿಯುವ ಕೊಬ್ಬಿನ ಬತ್ತಿಯ ಕಮಟು ವಾಸನೆ. ಚಾವಣಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಒಂದು ಉದ್ದನೆಯ ಹಲಗೆಯ ಮೇಜು, ಅದರ ಮೇಲೆ ಮರದ ಚೌಕ ತಟ್ಟೆಗಳು. ಕಲ್ಲಿನಷ್ಟು ಗಟ್ಟಿಯಾದ ಬಿಸ್ಕತ್ತು, ಬಟಾಣಿ ಗಂಜಿ, ಉಪ್ಪುಮಾಂಸ. ಗೋಡೆಯಾಚೆ ಸಮುದ್ರ ಉಸಿರಾಡುವುದು ಕೇಳಿಸುತ್ತಿತ್ತು. ಮೇಜು ಮಾತ್ರ ನಕಲಿಯಲ್ಲ, ನಿಜವಾದ ಹಡಗಿನದು.

ಅದರ ಸುತ್ತ ಒಂದು ಆಟವೂ ಇತ್ತು. ಹಸಿದ ನಾವಿಕರು ಇದ್ದಷ್ಟನ್ನು ಪಾಲು ಮಾಡಿ, ಜಗಳವಾಗದಂತೆ ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಇನ್ನೊಬ್ಬ ಒಂದು ಪಾಲಿನತ್ತ ಬೆರಳು ತೋರಿಸಿ “ಇದು ಯಾರಿಗೆ?” ಎನ್ನುವನು. ಬೆನ್ನು ತಿರುಗಿಸಿದವನು ಯಾರದೋ ಹೆಸರು ಕೂಗುವನು. ದೊಡ್ಡ ತುಂಡೋ ಚಿಕ್ಕ ತುಂಡೋ, ಹೆಸರು ಬಂದವನಿಗೆ ಅದೇ ಗತಿ. ಮೆಹರುನ್ನಿಸಾ ಹಟ ಹಿಡಿದು ಈ ಆಟವನ್ನು ನಿಲ್ಲಿಸಿದ್ದಳು. ಮಾಲೀಕ ಕೀರನ್‌ಗೆ ಅದು ಮತ್ತೆ ಬೇಕಾಗಿತ್ತು, ಲೋಹಿತ್ ಹೂಂ ಎಂದಿದ್ದ.

“ಯಾರು ಆಪಾ ಈ ಡೋನಲ್ಲು?”

“ಈ ಮೇಜಿಗೆ ಕೂತು ಉಣ್ಣತಿದ್ದಾಂವ. ಈ ಗೋದಾಮಿನ ಸಾವುಕಾರ ಹಡಗಿಗೆ ಕೊಳತ ಮಾಂಸ ತುಂಬಿದ್ದ. ನಡು ಸಮುದ್ರದಾಗ ಗಾಳಿ ನಿಂತು ಹೋತು. ಹುಡುಗ ಹಸದ ಸತ್ತ. ಹಡಗು ವಾಪಸ್ ಬಂತು, ಮಗ ಬರಲಿಲ್ಲ. ಅವನ ತಾಯಿ ಬಂದು ಅದೇ ಪೀಪಾಯಿದಾಗಿನ ಒಂದು ತುಂಡು ಮಾಂಸ ಈ ಹಲಗಿ ತೂತಿನಾಗ ತುರುಕಿ ಮೇಣ ಮೆತ್ತಿದ್ಲು. ಇಲ್ಲಿಯವರು ಇದಕ್ಕ ಪಿಶೋಗ್ ಅಂತಾರ. ನಾವು ಮಾಟ ಅಂತೀವಿ.”

“ಏನಂತ ಮಾಟ?”

ಮೆಹರುನ್ನಿಸಾ ಮೇಜಿನ ಕಡೆ ನೋಡದೆ ಹೇಳಿದಳು. “ಈ ಮೇಜಿನ ಮ್ಯಾಲ ಯಾವಾಗ ಪಾಲು ಹಂಚಿದ್ರೂ ನನ್ನ ಮಗಗ ಒಂದು ಇರಲಿ. ಅದನ್ನ ಬ್ಯಾರೆಯವರ ಹೆಸರಿಗೆ ಕೊಟ್ರ, ಅವರಿಗೆ ಈ ಮೇಜಿನ ಅನ್ನ ಬಿಟ್ಟು ಬ್ಯಾರೆ ತುತ್ತು ಗಂಟಲಾಗ ಇಳೀಬಾರದು. ನನ್ನ ಮಗ ಸತ್ತಂಗ ಸಾಯ್ಲಿ. ಹಂಗಂತ.”

“ನೀವು ನೋಡಿದ್ದೀರಾ?”

“ನಗಿಚಾಟಿಗೆ ನನ್ನ ಬೆಕ್ಕಿನ ಹೆಸರು ಕೂಗಿದ್ದೆ, ತಮ್ಮಾ. ಚಮೇಲಿ ಅಂತ.” ಅವಳ ದನಿ ಇಳಿಯಿತು. “ತುಂಬಿದ ಹಾಲಿನ ಬಟ್ಟಲದ ಮುಂದ ಕುಂತು ಕುಂತು ಒಣಗಿ ಸತ್ತಿತು.”

“ಬೆಕ್ಕಿಗೆ ವಯಸ್ಸಾಗಿತ್ತೇನೋ ಬಿಡಿ.”

ಹಿರಿಯರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದರಲ್ಲಿ ಲೋಹಿತ್ ಚಿಕ್ಕಂದಿನಿಂದಲೂ ಪಳಗಿದವನು. ಅವಳ ಬಸ್ಸು ಹೊರಡುವ ಮೊದಲೇ ಅವನು ಮೆನು ಬರೆಯಲು ಕೂತಿದ್ದ.

ಆ ಮೆನುವಿನ ಬಗ್ಗೆ ಅವನಿಗೆ ಜಂಬ ಬಂದದ್ದರಲ್ಲಿ ತಪ್ಪಿಲ್ಲ. ಹಳೆಯ ಹಡಗುಗಳಲ್ಲಿ ವಾರಕ್ಕೆ ಕೆಲವು ದಿನ ಮಾಂಸ ಕೊಡುತ್ತಿರಲಿಲ್ಲ. ಬರೀ ಬಟಾಣಿ, ಓಟ್ಸು, ಬೆಣ್ಣೆ, ಬಿಸ್ಕತ್ತು. ಆ ದಿನಗಳಿಗೆ ನಾವಿಕರು ಇಟ್ಟ ಹೆಸರು ‘ಬನಿಯನ್ ಡೇ’. ಮಾಂಸ ಮುಟ್ಟದ ನಮ್ಮ ಬನಿಯಾ ವ್ಯಾಪಾರಿಗಳನ್ನು ನೋಡಿ ಇಟ್ಟ ಹೆಸರದು. ಉಪ್ಪುಮಾಂಸವನ್ನು ದಿನವೂ ಬೇಯಿಸಿದರೂ ನಾಲಗೆಗೆ ಒಮ್ಮೆಯೂ ಸೋಕಿಸದ ಲೋಹಿತ್‌ಗೆ ಇದು ತನಗೆಂದೇ ಇಟ್ಟ ಹೆಸರಿನಂತೆ ಕಂಡಿತು. ಬುಧವಾರ ಮಧ್ಯಾಹ್ನ ಬನಿಯನ್ ಊಟ, ಜೊತೆಗೆ ಪಾಲು ಹಂಚುವ ಆಟ.

ಆ ಬುಧವಾರ ಬೆಳಗ್ಗೆ ಬ್ಯಾಲಿನ್‌ಕೊಲಿಗ್‌ನ ಬಾಡಿಗೆ ಮನೆಯಲ್ಲಿ ಹೆಂಡತಿ ಚಿತ್ರಾ ಮಗಳ ಜಡೆ ಹೆಣೆಯುತ್ತ ನೆನಪಿಸಿದಳು. “ಇವತ್ತು ಮಹಾಲಯ ಅಮಾವಾಸ್ಯೆ ಕಣೋ. ಅತ್ತೆಗೆ ಎಡೆ ಇಡ್ಬೇಕಲ್ವಾ?”

“ಶಿಫ್ಟ್ ಇದೆ ಚಿತ್ರಾ. ಸಂಜೆ ನೋಡೋಣ.”

“ಹೋದ ವರ್ಷಾನೂ ಹಂಗೇ ಅಂದೆ.”

ಆ ಮಾತು ಅವನಿಗೆ ನಾಟಿತು. ಅಮ್ಮ ತೀರಿಕೊಂಡು ಏಳು ವರ್ಷ. ಪುಟ್ಟಿ ಹುಟ್ಟುವುದಕ್ಕೆ ಕೆಲವೇ ತಿಂಗಳ ಮೊದಲು ಹೋದಳು, ಮೊಮ್ಮಗಳ ಮುಖ ನೋಡಲಿಲ್ಲ. ಮಗಳು ಟೋಸ್ಟಿನ ಮೇಲೆ ಜಾಮು ಬಳಿಯುತ್ತಿದ್ದಳು. “ಪುಟ್ಟೀ, ತಿಂಡಿ ಸಾಕಾ?” ಎಂದರೆ “ಐಯಾಮ್ ಗ್ರ್ಯಾಂಡ್, ಡ್ಯಾಡ್” ಎಂದಳು, ಸಾಕು ಎನ್ನುವುದಕ್ಕೆ ಆ ಊರಿನ ಮಾತು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. ಒಂದೇ ಒಂದು ಸಲ ಕನ್ನಡದಲ್ಲಿ ಮಾತಾಡೇ ಎಂದು ಅವನು ಅವಳನ್ನು ಗೋಗರೆಯದ ದಿನವಿರಲಿಲ್ಲ.

ಮಧ್ಯಾಹ್ನ ನೆಲಮಾಳಿಗೆಯಲ್ಲಿ ಎಂಟು ಮಂದಿ ಪ್ರವಾಸಿಗರು ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಕೀರನ್ ಬೆರಳು ತೋರಿಸುವವನು, ಲೋಹಿತ್ ಬೆನ್ನು ತಿರುಗಿಸಿ ಹೆಸರು ಕೂಗುವವನು. ಒಂದೊಂದು ಹೆಸರಿಗೂ ನಗು, ಚಪ್ಪಾಳೆ. ಎಂಟನೆಯ ಹೆಸರೂ ಮುಗಿಯಿತು. ಲೋಹಿತ್ ತಿರುಗಬೇಕೆನ್ನುವಷ್ಟರಲ್ಲಿ ಕೀರನ್‌ನ ದನಿ ಮತ್ತೆ ಬಂತು, ಸ್ವಲ್ಪ ಗೊಂದಲದಲ್ಲಿ.

“ಇನ್ನೊಂದಿದೆ. ಇದು ಯಾರಿಗೆ?”

ಲೋಹಿತ್ ಎಂಟೇ ಬಡಿಸಿದ್ದ. ಅಡುಗೆಮನೆಯಲ್ಲಿ ಯಾರೋ ಕೈತಪ್ಪಿ ಇಟ್ಟಿರಬೇಕು ಅಂದುಕೊಂಡ. ಬೆನ್ನಿಗೆ ತಣ್ಣನೆಯ ಗಾಳಿ ತಾಕಿತು. ಉಪ್ಪುನೀರಿನಲ್ಲಿ ಕೊಳೆತ ಮಾಂಸದ ವಾಸನೆ, ಮಾಂಸವೇ ಇಲ್ಲದ ಊಟದಲ್ಲಿ. ಡೋನಲ್ ಎನ್ನಲು ಬಾಯಿ ತೆರೆದ. ಆಗ ಬೆಳಗಿನ ಮಾತು ನೆನಪಾಯಿತು. ಯಾರೋ ಕಂಡರಿಯದ ಡೋನಲ್‌ಗೆ ಎಡೆ ಇಡುವ ಬದಲು ನಮ್ಮಮ್ಮನಿಗೇ ಇಟ್ಟರೇನು? ತಟ್ಟೆಯಲ್ಲಿರುವುದು ಬರೀ ಬಟಾಣಿ ಗಂಜಿ, ಬಿಸ್ಕತ್ತು, ಅಮ್ಮ ತಿನ್ನುವಂಥದ್ದೇ. ಸತ್ತವರಿಗೆ ತಾನೇ ಬೇಕು, ಅಮ್ಮನೂ ಸತ್ತವಳೇ. ಆಪಾಳ ಮಾಟಕ್ಕೂ ಮೋಸವಿಲ್ಲ, ಅಮ್ಮನಿಗೂ ಮೋಸವಿಲ್ಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಕಣ್ಣು ಮುಚ್ಚಿ ಅವನು ಅಮ್ಮನ ಹೆಸರು ಕೂಗಿದ.

“ಗೀತಾ!”

ನಗು ನಿಂತಿತು. ಲಾಂದ್ರದ ಉರಿ ಒಮ್ಮೆ ಕುಗ್ಗಿ ಎದ್ದಿತು. ಹಗ್ಗಗಳು ಕಿರುಗುಟ್ಟಿದವು. ಲೋಹಿತ್ ತಿರುಗಿ ನೋಡಿದಾಗ ಮೇಜು ತೂಗಾಡುತ್ತಿತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಕೊನೆಯಲ್ಲಿದ್ದ ತಟ್ಟೆಯಲ್ಲಿ ಬಿಸ್ಕತ್ತಿನ ಒಂದು ಮೂಲೆ ಮುರಿದಿತ್ತು. ಸಣ್ಣ ಹಲ್ಲುಗಳ ಗುರುತು. ಹಾಲುಹಲ್ಲಿನ ಗುರುತು.

ಅವನು ಅದನ್ನು ನೋಡುತ್ತಿದ್ದಾಗಲೇ ಜೇಬಿನಲ್ಲಿ ಫೋನು ನಡುಗಿತು. ಮಗಳ ಶಾಲೆಯಿಂದ.

“ಹಲೋ,” ಎಂದಳು ಶಾಲೆಯ ಆಫೀಸಿನ ಹೆಂಗಸು. “ಗೀತಾಳ ಅಪ್ಪನಾ ಮಾತಾಡ್ತಿರೋದು?”

ಅವನು ಮತ್ತೆ ಆ ತಟ್ಟೆಯತ್ತ ನೋಡಿದ.

ಗೀತಾ. ಹೌದು, ಅದೇ. ಪಾಸ್‌ಪೋರ್ಟಿನಲ್ಲಿ, ಶಾಲೆಯ ಹಾಜರಿಯಲ್ಲಿ, ಆಸ್ಪತ್ರೆಯ ಕಾರ್ಡಿನಲ್ಲಿ ಅದೇ. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವುದು ನಮ್ಮಲ್ಲಿ ಪದ್ಧತಿ. ಅವನೇ ತೊಟ್ಟಿಲ ಮುಂದೆ ಕೂತು ಮಗುವಿನ ಕಿವಿಯಲ್ಲಿ ಆ ಹೆಸರನ್ನು ಉಸುರಿದ್ದ. ಆದರೆ ಅತ್ತೆಯ ಹೆಸರು ಹಿಡಿದು ಸೊಸೆ ಕೂಗುವುದು ಹೇಗೆ, ಬಯ್ಯುವುದು ಹೇಗೆ? ಹಾಗಾಗಿ ಮನೆಯಲ್ಲಿ ಬರೀ ಪುಟ್ಟಿ. ಕೂಗಿ ಕೂಗಿ ಅಪ್ಪನಿಗೂ ಆ ಇನ್ನೊಂದು ಹೆಸರು ಮರೆತೇಹೋಗಿತ್ತು. ಇಟ್ಟವನೇ ಮರೆತಿದ್ದ. ಅಯ್ಯೋ, ಅದೆಂಥ ಮರೆವು.

“ಊಟ ಮಾಡುವಾಗ ಎಲ್ಲ ವಾಂತಿ ಮಾಡಿಕೊಂಡಳು,” ಅನ್ನುತ್ತಿತ್ತು ಫೋನು. “ವಿಚಿತ್ರ ಅಂದ್ರೆ, ಬರೀ ಉಪ್ಪುನೀರು.”

ಅವತ್ತಿನಿಂದ ಮಗುವಿನ ಗಂಟಲಲ್ಲಿ ಏನೂ ಇಳಿಯಲಿಲ್ಲ. ಹಾಲು ಕೊಟ್ಟರೆ ಕೊಳೆತಿದೆ ಎಂದು ಅತ್ತಳು. ಅನ್ನ ಕಲಸಿ ಕೊಟ್ಟರೆ ಹುಳ ಎಂದು ಕಿರುಚಿ ತಟ್ಟೆ ಎಸೆದಳು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಯೂ ಆಯಿತು, ಎಲ್ಲವೂ ಸರಿಯಿದೆ ಎಂದರು. ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿದರು. ಚುಚ್ಚಿದ ಜಾಗದಿಂದ ಅದು ಹನಿಹನಿಯಾಗಿ ಹೊರಕ್ಕೇ ಬರುತ್ತಿತ್ತು. ದುಂಡು ಕೆನ್ನೆಗಳು ಒಳಕ್ಕೆ ಹೋದವು. ಚಿತ್ರಾ ಹಾಸಿಗೆಯ ಪಕ್ಕದಿಂದ ಏಳಲೇ ಇಲ್ಲ.

“ಡ್ಯಾಡ್, ನಿನ್ನ ಹೋಟೆಲಿನ ಬಿಸ್ಕತ್ತು ಬೇಕು,” ಎಂದು ಒಂದು ದಿನ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಅವನು ಓಡಿಹೋಗಿ ಆ ಮೇಜಿನ ಮೇಲಿಂದಲೇ ತಂದ. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಂಚದ ಕಂಬಿಗೆ ಬಡಿದಳು. ಟಕ್ ಟಕ್. ಟಕ್ ಟಕ್. ಹುಳು ಉದುರಲೆಂದು ನಾವಿಕರು ಬಿಸ್ಕತ್ತನ್ನು ಹಾಗೆಯೇ ಬಡಿಯುತ್ತಿದ್ದರಂತೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಿಳಿಯ ಹೊದಿಕೆಯ ಮೇಲೆ ಕಪ್ಪು ಹುಳುಗಳು ಉದುರಿದವು. ಅವಳು ಅದನ್ನು ಗಬಗಬನೆ ತಿಂದಳು, ಪುಡಿಯನ್ನೂ ಬಿಡದೆ ನೆಕ್ಕಿದಳು. ಮಾರನೆಯ ದಿನ ಇನ್ನೂ ಸೊರಗಿದ್ದಳು. ಹಸಿದು ಸತ್ತವನ ಪಾಲಲ್ಲವೇ ಅದು, ಹೊಟ್ಟೆ ತುಂಬಿಸುವುದೆಲ್ಲಿಂದ?

ನಕ್ಕಿದ್ದ ಬಾಯಿಂದಲೇ ಲೋಹಿತ್ ಮೆಹರುನ್ನಿಸಾಗೆ ಫೋನು ಮಾಡಿ ಅತ್ತ. “ಆಪಾ, ತಪ್ಪಾಯ್ತು. ಡೋನಲ್ ಹೆಸರನ್ನೇ ಕೂಗಿ ವಾಪಸ್ ಕೊಟ್ಟುಬಿಡ್ತೀನಿ.”

“ನಾನೂ ಕೂಗಿದ್ದೆ, ತಮ್ಮಾ. ಬೆಕ್ಕು ಉಳೀಲಿಲ್ಲ. ಜೀವ ಇದ್ದವರ ಹೆಸರಿಗೆ ಹೋದ ಪಾಲು ಅವರು ಬದುಕಿರೂತನಕ ಮತ್ತ ಸತ್ತವರಿಗೆ ಸೇರೂದಿಲ್ಲ.”

“ಮೇಜು ಸುಟ್ಟುಬಿಟ್ರೆ?”

“ಸುಟ್ರ ಹಿಡದದ್ದು ಬಿಡೂದಿಲ್ಲ. ಬಿಡಸೂ ಹಾದಿ ಅಷ್ಟ ಮುಚ್ಚತದ.”

“ಹಾದಿ ಇದೆಯಾ ಹಾಗಾದ್ರೆ?”

“ಜೀವ ಇದ್ದವರೇ ಯಾರರೆ ಆ ಪಾಲು ತಗೋಬೇಕು,” ಎಂದಳು ಅವಳು. ಆಮೇಲೆ ದನಿ ಒಡೆಯಿತು. “ಒಂದು ಬೆಕ್ಕಿನ ಸಲುವಾಗಿ ನನಗ ಧೈರ್ಯ ಬರಲಿಲ್ಲ. ಅಲ್ಲಾ ನಿಮ್ಮ ಕೂಸಿನ್ನ ಕಾಯಲಿ.”

ಆಗ ಅವನಿಗೆ ಎಲ್ಲ ಸರಳವಾಗಿ ಕಂಡಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಣ್ಣಬೇಕಾದವನು ಇವನೇ. ಆದರೆ ಬೆರಳು ತೋರಿಸಿ ಕೇಳಲು ಇನ್ನೊಬ್ಬರು ಬೇಕು. ಕೀರನ್ ಹೆದರಿ ನೆಲಮಾಳಿಗೆಗೆ ಬೀಗ ಜಡಿದಿದ್ದ. ಕೀಲಿ ಕೊಟ್ಟನೇ ಹೊರತು ಒಳಗೆ ಕಾಲಿಡಲಿಲ್ಲ. ಉಳಿದವಳು ಚಿತ್ರಾ ಒಬ್ಬಳೇ.

ನರ್ಸಿನ ಕೈಗೆ ಮಗಳನ್ನು ಒಪ್ಪಿಸಿ ಇಬ್ಬರೂ ಬಂದರು. ದಾರಿಯಲ್ಲಿ ಅವನು ಮೇಜಿನ ಕತೆಯನ್ನೂ ತಾನು ಕೂಗಿದ ಹೆಸರನ್ನೂ ಅವಳಿಗೆ ಹೇಳಿದ್ದ. ಹೊರಗೆ ಮಧ್ಯಾಹ್ನದ ಬಿಸಿಲಿತ್ತು. ಮೆಟ್ಟಿಲಿಳಿದರೆ ಕಗ್ಗತ್ತಲೆ. ವಾಸನೆ ಮೂಗಿಗೆ ಬಡಿದು ಚಿತ್ರಾ ಸೆರಗು ಹುಡುಕುವವಳಂತೆ ಕೈಯಾಡಿಸಿ, ಕೊನೆಗೆ ಜಾಕೆಟ್ಟಿನ ತೋಳನ್ನೇ ಮುಖಕ್ಕೊತ್ತಿಕೊಂಡಳು.

“ಯಾರ ಹೆಸರು ಕರೀತೀಯ?”

“ಡೋನಲ್‌ದೇ. ಇನ್ನೊಂದ್ಸಲ ಕೂಗಿದ್ರೆ ಸರಿಹೋಗುತ್ತಂತೆ, ಆಪಾ ಹೇಳಿದ್ರು.”

“ನಿಜವಾಗ್ಲೂ?”

“ನಿಜವಾಗ್ಲೂ.”

ಮದುವೆಯಾದ ಮೇಲೆ ಅವಳಿಗೆ ಅವನು ಹೇಳಿದ ದೊಡ್ಡ ಸುಳ್ಳು ಅದೊಂದೇ. ಅವಳು ನಂಬಿದಳು. ಮಗುವಿಗಾಗಿ ಯಾವುದನ್ನಾದರೂ ನಂಬುವ ಹೊತ್ತು ಅದು. ಲೋಹಿತ್ ಇಬ್ಬರಿಗೆಂದು ಎರಡು ತಟ್ಟೆ ಬಡಿಸಿದ, ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತ. ಎರಡು ಹೆಸರು ಮುಗಿದವು. ಚಿತ್ರಾಳ ಉಸಿರು ಸಿಕ್ಕಿಕೊಂಡದ್ದು ಕೇಳಿಸಿತು.

“ಮೂರಿದೆ,” ಎಂದಳು. “ಲೋಹಿತ್, ಮೂರಿದೆ ಕಣೋ. ನಾನು ನೋಡ್ತಾನೇ ಇದ್ದೆ. ಯಾರೂ ಇಡ್ಲಿಲ್ಲ.”

“ಕೇಳು.”

“ಅದರ ಮುಂದೆ ಯಾರೋ ಕೂತವ್ರೆ.”

“ನೋಡ್ಬೇಡ. ಕೇಳು ಚಿತ್ರಾ!”

ಹಗ್ಗ ಕಿರುಗುಟ್ಟಿತು. ಮೇಜು ತೂಗಿತು. ಒಮ್ಮೆ. ಮತ್ತೊಮ್ಮೆ. ಲಾಂದ್ರ ನೀಲಿಯಾಯಿತು. ಟಕ್ ಟಕ್. ಹಲಗೆಯ ಮೇಲೆ ಬಿಸ್ಕತ್ತು. ಟಕ್ ಟಕ್. ಅವನ ಕುತ್ತಿಗೆಯ ಮೇಲೆ ಉಸಿರು. ಒದ್ದೆ ಉಸಿರು. ಹೆಂಡತಿಯದಲ್ಲ. ಅದು ಡೋನಲನ ಮುದಿ ತಾಯಿಯ ಉಸಿರು. ಅವಳು ಕಾಯುತ್ತಿದ್ದಳು. ಮಗನಿಗೆ ಇಟ್ಟ ತುತ್ತನ್ನು ಕಸಿದವನ ಬಾಯನ್ನೇ ನೋಡುತ್ತಿದ್ದಳು.

“ಇದು...” ಚಿತ್ರಾ ಬಿಕ್ಕಿದಳು. “ಇದು ಯಾರಿಗೆ?”

“ಲೋಹಿತ್‌ಗೆ.”

ಬತ್ತಿ ಆರಿತು. ಕತ್ತಲಲ್ಲಿ ಏನೋ ಅವನ ಬಾಯಿ ಅಗಲಿಸಿತು. ತಣ್ಣನೆಯ ಬೆರಳುಗಳು. ಉಪ್ಪು. ಜೊಲ್ಲು. ಲೋಳೆ. ಜನ್ಮದಲ್ಲಿ ಮುಟ್ಟದ ಮಾಂಸ ನಾಲಗೆಯ ಮೇಲೆ ಮಿಸುಕಿತು. ಅವನು ಉಗುಳಲು ನೋಡಿದ. ಆಗಲಿಲ್ಲ. ನುಂಗಿದ.

ಮೇಜು ನಿಂತಿತು.

ಚಿತ್ರಾಗೆ ಅರ್ಥವಾದದ್ದು ಆಗ. ಕತ್ತಲಲ್ಲೇ ಅವನ ಬೆನ್ನಿಗೆ ಎರಡೂ ಮುಷ್ಟಿಯಿಂದ ಗುದ್ದಿದಳು. “ಸುಳ್ಳ! ಸುಳ್ಳ! ನನ್ನ ಹೆಸ್ರು ಇರ್ಲಿಲ್ವೇನೋ?” ಗುದ್ದಿ ಗುದ್ದಿ ಅದೇ ಬೆನ್ನಿಗೆ ಒರಗಿ ಅತ್ತಳು. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ವಾರ್ಡಿನ ನರ್ಸು. ಗೀತಾ ಎದ್ದು ಕೂತಿದ್ದಾಳೆ, ಟೋಸ್ಟ್ ಕೇಳುತ್ತಿದ್ದಾಳೆ, ಜಾಮ್ ಹಾಕಿ ಕೊಡಬಹುದಾ?

ಈಗ ಡಿಸೆಂಬರು. ಪುಟ್ಟಿಯ ಕೆನ್ನೆ ಮತ್ತೆ ತುಂಬಿಕೊಂಡಿದೆ. ಲೋಹಿತ್‌ನ ಅಂಗಿಗಳು ಹ್ಯಾಂಗರಿಗೆ ಹಾಕಿದಂತೆ ಅವನ ಮೈಮೇಲೆ ತೂಗುತ್ತವೆ. ಮೊದಮೊದಲು ಚಿತ್ರಾ ಅವನಿಗಿಷ್ಟವಾದದ್ದನ್ನೆಲ್ಲ ಮಾಡಿ ಮುಂದಿಟ್ಟಳು. ಬಿಸಿಬೇಳೆಬಾತು, ಮಜ್ಜಿಗೆಹುಳಿ, ಮೆಂತ್ಯದ ದೋಸೆ. ಪರಿಮಳ ಬರುತ್ತದೆ, ಬಾಯಲ್ಲಿ ನೀರೂರುತ್ತದೆ, ತುತ್ತು ತುಟಿಗೆ ಮುಟ್ಟಿದೊಡನೆ ಕೊಳೆಯುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ವಾರಕ್ಕೊಮ್ಮೆ ಕೀರನ್ ಬಾಗಿಲಾಚೆ ಒಂದು ಪೊಟ್ಟಣ ಇಟ್ಟು, ಬೆಲ್ ಒತ್ತಿ ಹೋಗಿಬಿಡುತ್ತಾನೆ. ಹೆದರುತ್ತಲೇ ಕೆಳಗಿಳಿದು ಆ ಮೇಜಿನ ಮೇಲಿಟ್ಟು ತಂದ ಬಿಸ್ಕತ್ತು.

ಇವನು ಹೋದರೆ ಪಾಲು ಡೋನಲ್‌ಗೆ ಮರಳುತ್ತದೆ, ಬೆಕ್ಕು ಸತ್ತಾಗಲೂ ಹಾಗೇ ಆಗಿತ್ತೆಂದು ಮೆಹರುನ್ನಿಸಾ ಹೇಳಿದ್ದಾಳೆ. ಆದರೂ ಅವನಿಗೆ ನಂಬಿಕೆಯಿಲ್ಲ. ನಿನ್ನೆ ಚಿತ್ರಾಳ ಕೈಹಿಡಿದು ಆಣೆ ಹಾಕಿಸಿಕೊಂಡ. “ನನಗೆ ಎಡೆ ಇಡ್ಬೇಡ. ಯಾವ ವರ್ಷಾನೂ ಇಡ್ಬೇಡ. ನಾಳೆ ಪುಟ್ಟಿಗೆ ಮಕ್ಕಳಾದ್ರೆ ನನ್ನ ಹೆಸರು ಇಡೋಕೆ ಬಿಡ್ಬೇಡ. ನನ್ನ ಹೆಸರು ನನ್ ಜೊತೇನೇ ಹೋಗ್ಲಿ.” ಅವಳು ತಲೆಯಾಡಿಸಿದಳು. ತಿಥಿಯಿಲ್ಲದ, ಎಡೆಯಿಲ್ಲದ, ಹೆಸರೂ ಉಳಿಯದ ಸಾವಿಗೆ ಗಂಡನನ್ನು ಒಪ್ಪಿಸಿ ತಲೆಯಾಡಿಸುವುದೆಂದರೇನೆಂದು ಅವಳಿಗೇ ಗೊತ್ತು.

ಇವತ್ತು ಸಂಜೆ ಅವನು ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಪುಟ್ಟಿ ಮೊಸರನ್ನದ ಬಟ್ಟಲು ಹಿಡಿದು ಬಂದಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಅಕ್ಷರ ಜೋಡಿಸಿಕೊಂಡು, ಕಾರ್ಕಿನ ರಾಗದಲ್ಲಿ, ತನ್ನ ಜೀವನದ ಮೊದಲ ಪೂರ್ತಿ ಕನ್ನಡ ವಾಕ್ಯವನ್ನು ಆಡಿದಳು.

“ಅಪ್ಪಾ, ಊಟ ಆಯ್ತಾ?”

ಎಷ್ಟು ವರ್ಷ ಗೋಗರೆದಿದ್ದ ಇದೊಂದಕ್ಕಾಗಿ. ಅವನ ಕಣ್ಣು ತುಂಬಿತು. ಅವಳು ಪುಟ್ಟ ಕೈಯಲ್ಲಿ ಒಂದು ತುತ್ತು ಮಾಡಿ ಅವನ ತುಟಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆದ. ಕೊಳೆತದ್ದನ್ನು ನಾಲಗೆಯ ಮೇಲಿಟ್ಟುಕೊಂಡು, ಉಗುಳದೆ, ಮುಖ ಕಿವುಚದೆ, ಅವಳನ್ನು ನೋಡಿ ನಕ್ಕ.

“ಆಯ್ತಮ್ಮಾ,” ಎಂದ.

ಕಂಬಳಿಯೊಳಗೆ ಅವನ ಇನ್ನೊಂದು ಕೈ ಬಿಸ್ಕತ್ತನ್ನು ಕುರ್ಚಿಯ ಮರಕ್ಕೆ ಬಡಿಯುತ್ತಿತ್ತು. ಟಕ್ ಟಕ್. ಟಕ್ ಟಕ್.